ಮೀನುಗಳನ್ನು ಮನೆ ಸೇರಿಸಿದ್ದು

ಹವಳದ ದಿಬ್ಬದ ಬಳಿ ದೋಣಿ ನಿಂತಿತು. ಇಳಿತದ ಹೊತ್ತು, ಮೊಣಕಾಲುದ್ದ ತಿಳಿನೀರು. ಅಧಿಕಾರಿ ಪ್ರಫುಲ್ಲಾ ಅವರ ಕೈಯ ಡಬ್ಬಿಯಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳಿದ್ದವು. ಅವನ್ನು ಇಲ್ಲಿಂದಲೇ ಕದ್ದು ಹಿಡಿದು ಸಿಕ್ಕಿಬಿದ್ದಿದ್ದ ಮಂಕಾಳ ಹರಿಕಂತ್ರ, ಈಗ ಜಾಗ ತೋರಿಸಲು ಬಂದಿದ್ದ. ಆರು ತಿಂಗಳು ಅವು ಕಚೇರಿಯ ಗಾಜಿನ ತೊಟ್ಟಿಯಲ್ಲಿ ಕಳ್ಳತನದ ಮೊಕದ್ದಮೆಗೆ ಸಾಕ್ಷಿಯಾಗಿದ್ದವು. ದಿನವೂ ಪ್ರಫುಲ್ಲಾ ಅವರೇ ಮೇವು ಹಾಕಿದ್ದರು.

"ಇವು ವಾಸವಿದ್ದ ಹೂವು ಯಾವುದು?" ಎಂದು ಪ್ರಫುಲ್ಲಾ ಕೇಳಿದರು.

ಮಂಕಾಳ ಕಲ್ಲಿನ ಸಂದಿಯ ಕಡಲಹೂವನ್ನು ತೋರಿಸಿದ. ಹೆಸರಿಗೆ ಹೂವು, ನಿಜಕ್ಕೆ ಕಲ್ಲಿಗಂಟಿದ ಪ್ರಾಣಿ; ನಡುವೆ ಒಂದು ಬಾಯಿ, ಸುತ್ತ ತೂಗಾಡುವ ನೂರಾರು ಬೆರಳು. ಬೇರೆ ಮೀನು ತಾಗಿದರೆ ಕುಟುಕಿ ಕೊಲ್ಲುವ ಬೆರಳುಗಳು ಈ ಮೀನುಗಳಿಗೆ ಮಾತ್ರ ಹಾಸಿಗೆ.

"ಅದರ ಮೇಲೇ ಬಿಡಬ್ಯಾಡ್ರಾ ಮೇಡಂ. ದೂರ ಬಿಡಿ. ಅವೇ ಮೆಲ್ಲಗೆ ಮುಟ್ಟಿ ಮುಟ್ಟಿ ಒಳಗೆ ಹೋಗ್ತವೆ."

"ಎಷ್ಟು ಹೊತ್ತು?"

"ಒಂದು ದಿನ ಆಗೂದು. ನಾ ಇಲ್ಲೇ ಕಾಯ್ತೆ."

"ಕಾಯ್ತೀಯ, ಗೊತ್ತು. ನಾನು ದಡ ಸೇರುವಷ್ಟರಲ್ಲಿ ನಿನ್ನ ಬಲೆಯಲ್ಲಿರ್ತವೆ."

"ಹಂಗಲ್ರಾ. ಮನೆ ಬಿಟ್ಟು ಬಾಳ ದಿನ ಆಯ್ತಲ್ರಾ. ಹೂವಿಗೆ ಗುರುತು ಸಿಕ್ಕೂದಿಲ್ಲ."

"ಕತೆ ಸಾಕು. ಇವತ್ತು ಇವು ಮನೆ ಸೇರ್ತವೆ."

ಅವರು ಬಾಗಿ ಡಬ್ಬಿಯನ್ನು ಹೂವಿನ ಮೇಲೇ ಬೋರಲು ಹಾಕಿದರು. ಮೀನುಗಳು ಬೆರಳುಗಳ ನಡುವೆ ಬಿದ್ದವು. ಬೆರಳುಗಳೆಲ್ಲ ಒಮ್ಮೆಗೇ ಒಳಕ್ಕೆ ಮಡಚಿಕೊಂಡವು.

"ನೋಡು, ಹೇಗೆ ಅಪ್ಪಿಕೊಂಡಿತು," ಎಂದರು ಪ್ರಫುಲ್ಲಾ. ಅವರ ಕಣ್ಣು ತೇವವಾಗಿತ್ತು. ಮಂಕಾಳ ಮುಖವನ್ನು ಆಚೆ ತಿರುಗಿಸಿಕೊಂಡಿದ್ದ.

ಹೂವು ಮತ್ತೆ ಅರಳಿದಾಗ ಅದರ ಬಾಯಿಯಿಂದ ಒಂದು ಕಿತ್ತಳೆ ಬಾಲವಷ್ಟೇ ಹೊರಗಿತ್ತು.