ನೀಲಿ ಶಾಯಿ ಮುಗಿದ ದಿನ

"ಇದು ಹಳದಿ ಅಲ್ಲ ಸಾರ್, ಹಸಿರು!" ಟೈಲರಮ್ಮ ಯೋಜನಾ ಕಚೇರಿಯ ಗೋಡೆಗೆ ನೇತುಹಾಕಿದ್ದ ಊರಿನ ನಕ್ಷೆಯ ಮೇಲೆ ಬೆರಳಿಟ್ಟಳು. "ನಮ್ಮ ಮನೆ ಹಿಂದಿನ ಜೌಗು. ಮಳೆನೀರೆಲ್ಲ ಅಲ್ಲೇ ಇಂಗೋದು. ಈಗ ಸೈಟು ಮಾಡ್ತೀವಿ ಅಂತ ಲಾರಿಗಟ್ಟಲೆ ಮಣ್ಣು ಸುರೀತಿದಾರೆ. ಮಳೆ ಬಂದ್ರೆ ನೀರು ನಮ್ಮ ಮನೆಗೇ ನುಗ್ಗುತ್ತೆ. ಹಾಸಿಗೆ ಹಿಡಿದಿರೋ ಅತ್ತೇನ ಎತ್ಕೊಂಡು ಎಲ್ಲಿಗೆ ಹೋಗ್ಲಿ?"

ಯೋಜನಾಧಿಕಾರಿ ಕನ್ನಡಕ ಏರಿಸಿ ನೋಡಿದರು. "ಹಸಿರು ಅಂದ್ರೆ ಕಟ್ಟೋ ಹಾಗಿಲ್ಲ. ಹಳದಿ ಅಂದ್ರೆ ಮನೆ ಕಟ್ಟಬಹುದು. ಇದು ಅಪ್ಪಟ ಹಳದಿ. ಡಾಕ್ಟರಿಗೆ ಕಣ್ಣು ತೋರಿಸ್ಕೊಳ್ಳಮ್ಮ."

"ಕಾಮಾಲೆ ಆಗಿರೋದು ನನ್ನ ಕಣ್ಣಿಗಲ್ಲ ಸಾರ್, ನಿಮ್ಮ ನಕ್ಷೆಗೆ."

ಮೂಲೆಯಲ್ಲಿ ಕೂತಿದ್ದ ನಕ್ಷೆಗಾರನಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ಅವತ್ತು ಪ್ರಿಂಟರಿನಲ್ಲಿ ನೀಲಿ ಶಾಯಿ ಮುಗಿದಿತ್ತು. ನೀಲಿ ಸೇರದೆ ಹಸಿರು ಎಲ್ಲಿಂದ ಬರಬೇಕು? ಬರೀ ಹಳದಿ ಬಂತು. ನೀವೂ ಅವಸರದಲ್ಲಿ ಸಹಿ ಹಾಕಿಬಿಟ್ರಿ."

ಅಬ್ಬಬ್ಬಾ! ನಲವತ್ತು ಎಕರೆ ಜೌಗನ್ನು ಒಂದು ಖಾಲಿ ಶಾಯಿ ಡಬ್ಬಿ ನುಂಗಿ ನೀರು ಕುಡಿದಿತ್ತು. ಅಧಿಕಾರಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಟೈಲರಮ್ಮನಿಗೆ ಮಾತ್ರ ಹೋದ ಜೀವ ಬಂತು.

"ಹಾಗಾದ್ರೆ ತಿದ್ದಿಬಿಡಿ ಸಾರ್. ಅಳತೆ ತಪ್ಪಿದ್ರೆ ನಾನು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಲ್ವಾ?"

"ನಿನ್ನ ಅಂಗಿಗೆ ಸಹಿ, ಮೊಹರು ಇರಲ್ಲಮ್ಮ. ಸಹಿ ಬಿದ್ದ ಮೇಲೆ ಅದು ತಪ್ಪಲ್ಲ, ಯೋಜನೆ."

"ಮತ್ತೆ ನೀರು ಎಲ್ಲಿಗೆ ಹೋಗ್ಬೇಕು? ಅದನ್ನಾದ್ರೂ ಹೇಳಿ!" ಅವಳು ಮೇಜು ಕುಟ್ಟಿದಳು.

ಅಧಿಕಾರಿಯ ಕಣ್ಣರಳಿತು. ಹವಾಮಾನ ಬದಲಾಗುತ್ತಿದೆ, ನೆರೆ ನುಗ್ಗುವ ಜಾಗಗಳನ್ನು ಗುರುತಿಸಿ ಕಳಿಸಿ ಎಂದು ಮೇಲಿನಿಂದ ಮೂರು ಪತ್ರ ಬಂದಿದ್ದವು. ತೋರಿಸಲು ಇವರ ಬಳಿ ಅಂಥ ಒಂದು ಜಾಗವೂ ಇರಲಿಲ್ಲ. "ನಿಮ್ಮ ಬೀದಿ ಎಲ್ಲಿ ಬರುತ್ತಮ್ಮ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದರು. ಪಾಪ, ಅವಳು ತೋರಿಸಿದಳು. ಅವರು ನೀಲಿ ಪೆನ್ನು ತೆಗೆದು ಆ ಬೀದಿಯ ಇಪ್ಪತ್ತಾರು ಮನೆಗಳ ಮೇಲೂ ನೀಟಾಗಿ ಬಣ್ಣ ತುಂಬಿ, ಪಕ್ಕದಲ್ಲಿ ಸಹಿ ಹಾಕಿ, ಮೊಹರು ಒತ್ತಿದರು.

"ತಿದ್ದೋ ಹಾಗಿಲ್ಲ ಅಂದ್ರಲ್ಲ?"

"ಇದು ತಿದ್ದೋದಲ್ಲಮ್ಮ, ಸೇರಿಸೋದು. ಇಗೋ, ನೀರಿಗೆ ಜಾಗ ಕೊಟ್ಟಾಯ್ತು."

"ಅಯ್ಯೋ, ಅದು ನಮ್ಮ ಮನೆ ಸಾರ್! ಹದಿನೆಂಟು ವರ್ಷದಿಂದ ಅಲ್ಲೇ ಇದೀವಿ!"

ಅಧಿಕಾರಿ ಶಾಯಿ ಆರಲೆಂದು ಉಫ್ ಎಂದು ಊದಿ, ತಲೆ ಎತ್ತದೆ ಕೇಳಿದರು: "ನೀರಿನ ಜಾಗದಲ್ಲಿ ಮನೆ ಕಟ್ಟೋಕೆ ನಿಮಗೆ ಅನುಮತಿ ಕೊಟ್ಟೋರು ಯಾರಮ್ಮ?"