ಸೋಲಿಲ್ಲದ ಸಿಡಿಲು

“ಇನ್ನೂ ಗಟ್ಟಿಯಾಗಿ ತಿಕ್ಕು. ಇವತ್ತು ಈ ಕೈಗೆ ಬೆಳ್ಳಿ ಗದೆ ಕೊಡ್ತಾರೆ,” ಅಂದ ಆವುಲಪ್ಪ.

ಕಲಂದರ್ ತಿಕ್ಕಿದ. ಎಣ್ಣೆ ಹಚ್ಚಿ ತಿಕ್ಕಲು ಆ ತೋಳಿನಲ್ಲಿ ಏನೂ ಇರಲಿಲ್ಲ. ಜೀವಮಾನವಿಡೀ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳ ಸಾಕಿದ ತೋಳು. ಮೂಳೆ, ಅದರ ಮೇಲೊಂದು ಚರ್ಮ. ಆದರೆ ಆವುಲಪ್ಪನ ಪಾಲಿಗೆ ಅದು ಸಿಡಿಲಿನ ತೋಳು. ಸುತ್ತಲ ತಾಲ್ಲೂಕುಗಳ ಗೋಡೆಗೋಡೆಯ ಮೇಲೂ ಹೆಸರು ಬರೆಸಿಕೊಂಡ, ಒಮ್ಮೆಯೂ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳದ ಪೈಲ್ವಾನ ‘ಚಿಂತಾಮಣಿ ಸಿಡಿಲು’ ತಾನೇ ಎಂದು ಅವನು ನಂಬಿದ್ದ.

ಆ ನಂಬಿಕೆ ಹುಟ್ಟಿದ್ದು ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ. ಅವನ ಒಬ್ಬನೇ ಮಗ ಮುನಿಗಂಗ ಚಿಂತಾಮಣಿಯ ಅಖಾಡದಲ್ಲಿ ಸಿಡಿಲಿನ ಜೊತೆ ಕುಸ್ತಿಗೆ ಇಳಿದ. ಹಿಡಿತ ಜಾರಿತು, ಹುಡುಗ ತಲೆಕೆಳಗಾಗಿ ಬಿದ್ದ, ಕತ್ತು ಮುರಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಹೆಣ ಕೆಂಚಾರ್ಲಹಳ್ಳಿಗೆ ಬಂದಾಗ ಆವುಲಪ್ಪ ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುತ್ತಿದ್ದ. ಅವನು ಅಳಲಿಲ್ಲ. ಉಳಿದ ಹುಳಗಳನ್ನೂ ಬಿಟ್ಟು, ಕೈ ತೊಳೆದು, ನೆರೆದವರನ್ನು ಕೇಳಿದ: “ನಾನು ಸಿಡಿಲು. ಇಲ್ಲಿಗ್ಯಾಕೆ ಕರ್ಕೊಂಡು ಬಂದಿದ್ದೀರ ನನ್ನ?”

ಆಮೇಲಿಂದ ಸಿಕ್ಕಿದವರಿಗೆಲ್ಲ ಅವನದು ಒಂದೇ ಮಾತು. “ನನ್ನನ್ನ ಕೆಡವಿದೋನು ಒಬ್ಬನೇ ಕಣಪ್ಪ. ಹುಳ ಸಾಕ್ತಾನಲ್ಲ ಆವುಲಪ್ಪ, ಅವನ ಮಗ. ನನ್ನ ಗೆದ್ದು, ಮೈಸೂರು ಕಡೆ ಕುಸ್ತಿಗೆ ಹೋದ.” ಸಿಡಿಲು ಸೋತಿದ್ದರೆ ಹುಡುಗ ಬದುಕಿದ್ದಾನೆ. ಆ ಹುಚ್ಚಿನ ಬೇರು ಅಷ್ಟೇ.

ಕಲಂದರ್ ಭಾನುವಾರಗಳಂದು ಎಣ್ಣೆ ಕುಡಿಕೆ ಹಿಡಿದು ಬರುತ್ತಿದ್ದ. ಯಾರೂ ಕರೆದಿರಲಿಲ್ಲ. ಸೆಕೆಯಲ್ಲೂ ಕಿವಿ ಮುಚ್ಚುವಂತೆ ಶಾಲು ಹೊದ್ದು, ಬಾಗಿಲಲ್ಲಿ ತಗ್ಗಿ ಒಳಗೆ ಬಂದು, ಗರಡಿಯಲ್ಲಿ ಕಲಿತ ಮಾಲೀಶು ಮಾಡಿ, ಮುದುಕನನ್ನು ಉಸ್ತಾದ್ ಎಂದು ಕರೆದು ಹೊರಡುತ್ತಿದ್ದ. ಆವುಲಪ್ಪನ ಹೆಂಡತಿ ಅಕ್ಕಯಮ್ಮ ಅವನಿಗೊಂದು ಲೋಟ ಮಜ್ಜಿಗೆ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ.

ಈ ಸಲ ತಾಪತ್ರಯ ತಂದಿಟ್ಟದ್ದು ಚಿಂತಾಮಣಿ ಬಸ್ ಸ್ಟ್ಯಾಂಡಿನ ಪೋಸ್ಟರು: ಗೌರಿಬಿದನೂರಿನಲ್ಲಿ ಸಿಡಿಲಿಗೆ ಸನ್ಮಾನ. ಪೇಂಟರ್ ಬರೆದ ಚಿತ್ರ, ದೊಡ್ಡ ಮೀಸೆ, ಯಾರನ್ನೂ ಹೋಲದ ಮುಖ. ಅದನ್ನು ನೋಡಿದ ಆವುಲಪ್ಪ, ಕರೆದುಕೊಂಡು ಹೋಗುತ್ತೇನೆಂದು ಕಲಂದರ್ ಮಾತು ಕೊಡುವವರೆಗೆ ಅನ್ನ ಮುಟ್ಟಲಿಲ್ಲ.

“ಅಲ್ಲಿ ಯಾರಾದ್ರೂ ನಿಜ ಹೇಳಿದ್ರೆ ಈಯಪ್ಪ ಉಳಿಯಲ್ಲ,” ಅಂದಳು ಅಕ್ಕಯಮ್ಮ, ಗೋಡೆ ಕಡೆ ತಿರುಗಿ. “ಮಗ ಹೋದ. ಇವರನ್ನಾದ್ರೂ ಹೆಂಗವ್ರೋ ಹಂಗೇ ಮನೆಗೆ ತಂದ್ಬಿಡು.”

“ತರ್ತೀನಕ್ಕ,” ಅಂದ ಕಲಂದರ್.

ಬಸ್ಸಿನಲ್ಲಿ ಕಂಡಕ್ಟರ್ ತನ್ನ ಸೀಟು ಬಿಟ್ಟು ಎದ್ದ. “ಕೂತ್ಕೊಳ್ಳಿ ಉಸ್ತಾದ್.” ಆವುಲಪ್ಪ ಕೂತ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಟೀ ಅಂಗಡಿಯವನು ಕಾಸು ಮುಟ್ಟಲಿಲ್ಲ. “ನಿಮ್ಮ ಹತ್ರ ಕಾಸು ತಗೊಳ್ಳೋದುಂಟಾ?” ಆವುಲಪ್ಪ ಕಲಂದರನ ಕಡೆ ತಿರುಗಿ, “ನೋಡಿದ್ಯಾ? ಗುರುತು ಹಿಡಿದ,” ಅಂದ. ಹೀಗಾದಾಗಲೆಲ್ಲ ಅವನ ನಂಬಿಕೆ ಇನ್ನೊಂದು ಗೇಣು ಬಲಿಯುತ್ತಿತ್ತು. ಕಲಂದರ್ ಶಾಲನ್ನು ಹಣೆಯವರೆಗೆ ಎಳೆದುಕೊಂಡ.

ಸನ್ಮಾನ ಸಿಡಿಲಿಗೆ. ಸಿಡಿಲು ಅಲ್ಲಿಗೆ ಬರದೆ ಇರುತ್ತಾನೆಯೇ? ದಾರಿಯುದ್ದಕ್ಕೂ ಕಲಂದರನಿಗೆ ಅದೇ ಯೋಚನೆ. ಹೆದರಿಕೆ ಕೂಡ ಆಗುತ್ತಿರಲಿಲ್ಲ. ಆ ಬೇಸಿಗೆಯಿಂದ ಅವನು ಹಾಗೇ ಆಗಿದ್ದ.

ಗೌರಿಬಿದನೂರಿನ ಮೈದಾನ ತುಂಬಿತ್ತು. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಗದೆ. ಸಮಿತಿಯ ಅಧ್ಯಕ್ಷ ಕೋನಪ್ಪ ಮೈಕಿನಲ್ಲಿ ಕೂಗಿದ: “ಸೋಲೇ ಕಾಣದ ಪೈಲ್ವಾನರು, ಚಿಂತಾಮಣಿ ಸಿಡಿಲು ಅವರು ವೇದಿಕೆಗೆ ಬರಬೇಕು.”

ಯಾರೂ ಏಳಲಿಲ್ಲ. ಕಲಂದರ್ ಮುದುಕನ ಬೆನ್ನಿನ ಮೇಲೆ ಕೈಯಿಟ್ಟ. “ಹೋಗಿ ಉಸ್ತಾದ್. ನಿಮ್ಮನ್ನೇ ಕರೀತಿರೋದು.”

ಆವುಲಪ್ಪ ಮೆಟ್ಟಿಲು ಹತ್ತಿದ. ಕೋನಪ್ಪ ಮೈಕಿನಿಂದ ಹಿಂದೆ ಸರಿದ. ಅವನು ಮುದುಕನನ್ನು ನೋಡಿದ, ಕೆಳಗೆ ಕಲಂದರನನ್ನು ನೋಡಿದ. ಕಲಂದರ್ ಕೈ ಮುಗಿದ. ಕೋನಪ್ಪ ಏನನ್ನೂ ಕೇಳದೆ ಪೇಟ ತೊಡಿಸಿದ, ಗದೆ ಕೊಟ್ಟ. ಭಾರಕ್ಕೆ ಮುದುಕನ ತೋಳು ಜಗ್ಗಿತು, ಆದರೂ ಬಿಡಲಿಲ್ಲ.

ಮೈದಾನದ ಹಿಂದಿನಿಂದ ಒಬ್ಬ ಕೇಳಿದ: “ಯಾರ್ರೀ ಆಯಪ್ಪ? ಸಿಡಿಲು ಎಲ್ಲಿ?” ಗುಜುಗುಜು ಎದ್ದಿತು.

ಆವುಲಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಮೈಕಿಗೆ ಬಾಗಿದ. “ಸೋಲೇ ಕಾಣದೋನು ಅಂತಾರೆ ನನ್ನ. ಸುಳ್ಳು. ಕೆಂಚಾರ್ಲಹಳ್ಳಿ ಆವುಲಪ್ಪನ ಮಗ ಮುನಿಗಂಗ ನನ್ನನ್ನ ಕೆಡವಿದ್ದಾನೆ. ಒಳ್ಳೆ ಹುಡುಗ. ಎಲ್ಲಾದ್ರೂ ಸಿಕ್ಕಿದ್ರೆ, ಅವರಮ್ಮ ಕಾಯ್ತಾವ್ಳೆ ಅಂತ ಹೇಳ್ರಪ್ಪ.”

ಗುಜುಗುಜು ನಿಂತಿತು. ಮುಂದಿನ ಸಾಲಿನವರು ತಿರುಗಿ ಕಲಂದರನ ಮುಖ ನೋಡಿದರು. ಅವನು ಚಪ್ಪಾಳೆ ತಟ್ಟುತ್ತಿದ್ದ. ಅವರೂ ತಟ್ಟಿದರು. ಆಮೇಲೆ ಇಡೀ ಮೈದಾನವೇ ತಟ್ಟಿತು.

ಗದೆಯನ್ನು ತೊಡೆಯ ಮೇಲಿಟ್ಟುಕೊಂಡು ಆವುಲಪ್ಪ ಕುರ್ಚಿಯಲ್ಲಿ ಕೂತಿದ್ದ. ಕೋನಪ್ಪ ಕೆಳಗಿಳಿದು ಬಂದು ಕಲಂದರನ ಶಾಲಿನ ಹತ್ತಿರ ಬಾಯಿ ತಂದ.

“ಸೋಲೇ ಕಾಣದೋನು ಅಂತ ಈಗ್ತಾನೆ ಮೈಕಲ್ಲಿ ಹೇಳಿದ್ದೀನಿ. ನಾಳೆ ಜನ ಕೇಳಿದ್ರೆ ಏನು ಹೇಳ್ಲಿ, ಸಿಡಿಲು?”

“ಒಂದ್ಸಲ ಸೋತಿದ್ದೀನಿ ಅಂತ ಹೇಳಿ,” ಅಂದ ಕಲಂದರ್.