ಬೋಣಿಯ ಕೈ

ಅಂದು ಹುಬ್ಬಳ್ಳಿಯ ಬೀದಿಫಲಕದಲ್ಲಿ ಡಾಲರಿನ ದರ ಬೆಳಿಗ್ಗೆಯಿಂದ ಅಲುಗಲೇ ಇಲ್ಲ. ಪೂಜೆಗೆ ಹೂವು ತರಲು ಹೋಗಿದ್ದ ನೀಲಗಂಗವ್ವ ಅದನ್ನು ನೋಡಿದಳು. ಗಂಡ ತೀರಿಕೊಂಡರೆಂದು ಯಾರೂ ಹೇಳದೆಯೇ ಅವಳಿಗೆ ತಿಳಿದುಹೋಯಿತು.

ವಿದೇಶಿ ಹಣದ ಪೇಟೆಯಲ್ಲಿ ದಿನವಿಡೀ ಯಂತ್ರಗಳೇ ಕೊಂಡು ಮಾರುತ್ತಿದ್ದವು. ಆದರೆ ದಿನದ ಮೊದಲ ವ್ಯಾಪಾರವಾದ ಬೋಣಿ ಮಾತ್ರ ಮನುಷ್ಯನ ಕೈಯಿಂದಲೇ ಆಗಬೇಕು, ಅದಾಗುವತನಕ ದರ ಅಲುಗಬಾರದು ಎಂಬ ಕಟ್ಟಳೆಯಿತ್ತು. ಆ ಕೆಲಸಕ್ಕೆ ಉಳಿದಿದ್ದವರು ಅವಳ ಗಂಡ ಬಸಲಿಂಗಪ್ಪನವರೊಬ್ಬರೇ. ಜ್ವರವಿರಲಿ, ಹಬ್ಬವಿರಲಿ, ಮಗಳ ಮದುವೆಯ ದಿನವೇ ಇರಲಿ, ಬೋಣಿ ತಪ್ಪಿಸಿದವರಲ್ಲ. ಕೊನೆಗೆ ಪೇಟೆಯ ಬೋಣಿ ಕುರ್ಚಿಯಲ್ಲಿ ಕೂತಂತೆಯೇ ಜೀವ ಹೋಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಪೇಟೆಯ ಅಧಿಕಾರಿ ಸಂಗಮೇಶ ಅವಳ ಮನೆಯ ಕಟ್ಟೆಯ ಮೇಲೆ ಕೂತು ಮಾತು ತೆಗೆದ.

“ಅವ್ವಾರ, ಯಜಮಾನ್ರು ಹ್ಯಾಂಗ ಲೆಕ್ಕಾ ಹಾಕ್ತಿದ್ರು, ಎಲ್ಲಿ ತಡೀತಿದ್ರು, ಎಲ್ಲಾ ನಮ್ಮ ಯಂತ್ರ ಕಲ್ತೈತಿ. ನೀವು ಹೂಂ ಅಂದ್ರ ನಾಳಿಂದ ಅವರ ಹೆಸರಿಲೇ ಬೋಣಿ ಮಾಡ್ತೈತಿ. ಇಲ್ಲಂದ್ರ ಕೈಬೋಣಿ ಪದ್ಧತೀನ ನಿಂತುಹೋಗ್ತೈತ್ರಿ.”

“ಅದರಾಗ ಅವರಿಗೆ ಸೂಟಿ ಐತೇನಪಾ?”

“ಯಂತ್ರಕ್ಕ ಎಂಥಾ ಸೂಟಿ ಬಿಡ್ರಿ!”

ಗಂಡ ಬದುಕೆಲ್ಲ ಕಾಯ್ದುಕೊಂಡು ಬಂದ ಪದ್ಧತಿ ಅದು. ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಬ್ಯಾಡೋ ಯಪ್ಪಾ. ಪದ್ಧತಿ ಹೋದ್ರ ಹೋಗ್ಲಿ. ಸತ್ತಮ್ಯಾಲೂ ಅವರನ್ನ ಪ್ಯಾಟಿಗೆ ಕಳಸಂಗಿಲ್ಲ ನಾ.”

ಅವನು ತಲೆತಗ್ಗಿಸಿ ಹೊರಟುಹೋದ. ಅವಳು ಒಳಗೆ ಬಂದು ದೇವರ ಮುಂದೆ ಕೈಮುಗಿದಳು.

“ಶಿವನೇ, ದಣಿದ ಜೀವ ನಿನ್ನ ಪಾದಕ್ಕ ಬಂದೈತಿ. ಹೊತ್ತು ಹೊಂಟಿತಂತ ಯಾರೂ ಎಬ್ಬಿಸದಂಗ ನೋಡ್ಕೊ, ನನ್ನಪ್ಪಾ. ಅವರಿಗೆ ಶಾಂತಿ ಕೊಡು.”